ಕೆಳಬೀದಿ ತಿಳಿಯಾಗಿ ಕಂಡ ದಿನ

ಜಗಳ ಬಿಡಿಸಲು ಹೋದವರಿಗೆ ಎರಡೂ ಕಡೆಯಿಂದ ಏಟು ಅನ್ನುತ್ತಾರೆ. ನನಗೆ ಏಟು ಬಿದ್ದಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಬಿದ್ದಿವೆ. ನನ್ನ ಹೆಸರು ಅಚ್ಚಮ್ಮ. ನಮ್ಮೂರಿನ ಮಡುವಿನ ದಡದಲ್ಲಿ, ಮುಳುಗೋ ಸ್ಕೂಲಿನ ಎದುರಿಗೆ ಒಂದು ಕಲ್ಲುಕಟ್ಟೆ ಇದೆ. ಅಲ್ಲಿ ಕೂತು ಮೇಷ್ಟ್ರುಗಳಿಗೂ ಕಲಿಯಲು ಬಂದವರಿಗೂ ರಾಜಿ ಮಾಡಿಸುವುದು ನನ್ನ ಕೆಲಸ. ನನಗಿಂತ ಮುಂಚೆ ನಮ್ಮತ್ತೆ ಈ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ನನ್ನ ಜೊತೆ ಒಂದು ದಿನವೂ ರಾಜಿಯಾಗದ ಹೆಂಗಸು, ಕಟ್ಟೆಯ ಮೇಲೆ ಕೂತರೆ ಎಣ್ಣೆ ಸೀಗೆಕಾಯಿಯಂತಿದ್ದವರನ್ನೂ ಒಂದೇ ತಟ್ಟೆಯಲ್ಲಿ ಉಣ್ಣಿಸಿ ಕಳಿಸುತ್ತಿದ್ದರು. ಆ ಕೈಗುಣ ನನಗೆ ಬರಲಿಲ್ಲ. ನನ್ನದು ಬಾಯಿಜೋರು, ಅದರಲ್ಲೇ ಇಷ್ಟು ವರ್ಷ ದೂಡಿದ್ದೇನೆ.

ನಮ್ಮೂರಲ್ಲಿ ಸತ್ತವರು ಒಂದು ವರ್ಷ ಕೆಳಬೀದಿಯಲ್ಲಿ ಇರುತ್ತಾರೆ. ಮಡುವಿನ ತಳದಲ್ಲಿ ಮೇಲಿನ ಬೀದಿಯಂಥದ್ದೇ ಒಂದು ಬೀದಿ, ಇಲ್ಲಿನ ಒಂದೊಂದು ಮನೆಗೂ ಅಲ್ಲೊಂದು ಮನೆ. ಹೋದವರು ತಮ್ಮ ಮನೆಯ ಹೊಸಿಲ ಒಳಗೆ ಕೂತು ಏನಾದರೊಂದು ಕೆಲಸ ಮಾಡುತ್ತಿರುತ್ತಾರೆ. ಒಬ್ಬರು ಅಕ್ಕಿ ಆರಿಸುತ್ತಾರೆ, ಇನ್ನೊಬ್ಬರು ಹಗ್ಗ ಹೊಸೆಯುತ್ತಾರೆ. ಬಳೆ ಅಂಗಡಿಯ ಅಜ್ಜ ವರ್ಷವಿಡೀ ಒಂದೇ ಕೊಡೆಯನ್ನು ರಿಪೇರಿ ಮಾಡಿದ, ಅದು ಸರಿಹೋಯಿತೋ ಇಲ್ಲವೋ ತಿಳಿಯಲಿಲ್ಲ. ನಾವು ಹೊಸಿಲ ಈಚೆ ನಿಂತು ನೋಡಬಹುದು, ಅಷ್ಟೇ. ಅವರು ನಮ್ಮನ್ನು ನೋಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ವರ್ಷ ತುಂಬಿದ ದಿನ ಸೂರ್ಯ ಹುಟ್ಟಿದರೆ ಆ ಮನೆ ಖಾಲಿ. ಅಷ್ಟರೊಳಗೆ ಒಂದು ಸಲ ಕಣ್ತುಂಬ ನೋಡಬೇಕು ಅನ್ನುವವರು ಮುಳುಗುವುದನ್ನು ಕಲಿಯಬೇಕು. ಅದಕ್ಕೇ ನಮ್ಮೂರಲ್ಲಿ ಸೈಕಲ್ ಶಾಪಿಗಿಂತ ಸಿಲಿಂಡರಿಗೆ ಗಾಳಿ ತುಂಬುವ ಅಂಗಡಿಗಳೇ ಹೆಚ್ಚು. ತಂತಿಯ ಮೇಲೆ ಸೀರೆಯ ಪಕ್ಕ ರಬ್ಬರ್ ಅಂಗಿ ಒಣಗುತ್ತಿರುತ್ತದೆ. ಮಡಿವಂತರ ಮನೆಯ ಮುದುಕಿಯರು ಕೂಡ ಮಾಸ್ಕಿನ ಗಾಜು ಮಂಜಾಗದಿರಲಿ ಎಂದು ಅದಕ್ಕೆ ಥೂ ಎಂದು ಉಗುಳಿ ಬೆರಳಲ್ಲಿ ಉಜ್ಜುವುದನ್ನು ಕಲಿತಿದ್ದಾರೆ.

ಇದರಲ್ಲೊಂದು ತೊಡಕಿದೆ. ಒಬ್ಬರೇ ಇಳಿದರೆ ಬೀದಿ ಸಿಗುವುದಿಲ್ಲ. ಇಬ್ಬರು ಒಂದೇ ಹಗ್ಗ ಕಟ್ಟಿಕೊಂಡು ಇಳಿಯಬೇಕು, ಆ ಇಬ್ಬರ ನಡುವೆ ಎಳ್ಳಷ್ಟೂ ಮನಸ್ತಾಪ ಇರಬಾರದು. ಇದ್ದರೆ ಕಾಣುವುದು ಬರೀ ಕೆಸರು. ಹಾಗಾಗಿ ನಮ್ಮೂರಲ್ಲಿ ಗಂಡ ಹೆಂಡಿರು ಜೋಡಿಯಾಗಿ ಇಳಿಯುವುದಿಲ್ಲ, ಅಣ್ಣತಮ್ಮಂದಿರಂತೂ ಆ ಸುದ್ದಿಗೇ ಹೋಗುವುದಿಲ್ಲ. ನಮ್ಮ ಯಜಮಾನರು ತೀರಿಕೊಂಡಾಗ ನಾನು ಮೈದುನನ ಜೊತೆ ಇಳಿದೆ. ಹೊರಡುವ ಮುಂಚೆ ಅವನು “ಅತ್ತಿಗೆ, ನಿಮ್ಮ ಮೇಲೆ ನಂಗೇನೂ ಇಲ್ಲ” ಅಂದ. “ನಂಗೂ ಏನೂ ಇಲ್ಲ ಕಣಪ್ಪ” ಅಂದೆ. ಕೆಳಗೆ ಹೋದರೆ ಕೆಸರೋ ಕೆಸರು, ನನ್ನ ಕೈ ನನಗೇ ಕಾಣಲಿಲ್ಲ. ಮೇಲೆ ಬಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವತ್ತಿನಿಂದ ಮಾತು ಬಿಟ್ಟಿದ್ದೇವೆ. ಯಜಮಾನರ ಮುಖ ನೋಡುವುದು ಅಲ್ಲಿಗೇ ಮುಗಿಯಿತು.

ಇಂಥ ಅನುಭವಗಳಿಂದಲೇ ಊರಲ್ಲಿ ಮೇಷ್ಟ್ರುಗಳು ಹುಟ್ಟಿಕೊಂಡದ್ದು. ಸಂಬಂಧವಿಲ್ಲದವರ ಮೇಲೆ ಯಾರಿಗೆ ಯಾವ ಮುನಿಸು ಎಂಬುದು ಲೆಕ್ಕಾಚಾರ. ಆದರೆ ಕಲಿಸುವುದು ಶುರುವಾದರೆ ಸಾಕು, ಸಂಬಂಧ ತಾನಾಗಿ ಬೆಳೆಯುತ್ತದೆ, ಜೊತೆಗೆ ಮುನಿಸೂ ಬೆಳೆಯುತ್ತದೆ. ಒಬ್ಬ ಮೇಷ್ಟ್ರು ಕೈಬಿಟ್ಟವರನ್ನು ಇನ್ನೊಬ್ಬರು ಹಗ್ಗಕ್ಕೆ ಕಟ್ಟುವುದಿಲ್ಲ, ಅದು ಮೇಷ್ಟ್ರುಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ. ಹಾಗಾಗಿ ಜಗಳ ಆಯಿತು ಅಂದರೆ ಸೀದಾ ನನ್ನ ಕಟ್ಟೆಗೆ ಬರಬೇಕು.

ವನಜಾಕ್ಷಿಯೂ ಸಣ್ಣಯ್ಯ ಮೇಷ್ಟ್ರೂ ಹಾಗೇ ಬಂದರು. ಬಂದರು ಅನ್ನುವುದಕ್ಕಿಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿಕೊಂಡು ನುಗ್ಗಿದರು. ವನಜಾಕ್ಷಿ ರವಿಕೆ ಹೊಲಿಯುವ ಹೆಂಗಸು. ಊರಿನ ಅರ್ಧ ಹೆಣ್ಣುಮಕ್ಕಳ ತೋಳಿನ ಅಳತೆ ಅವಳಿಗೆ ಬಾಯಿಪಾಠ. ಗಂಡ ಯಾವತ್ತೋ ಬಿಟ್ಟುಹೋಗಿದ್ದ. ಇದ್ದವಳು ಒಬ್ಬಳೇ ಮಗಳು, ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ವಾರದ ಜ್ವರಕ್ಕೆ ಹೋಗಿಬಿಟ್ಟಿತು. ಆ ಮಗುವನ್ನು ನೋಡಲೆಂದೇ ಇವಳು ಮುಳುಗು ಕಲಿಯಲು ಸೇರಿದ್ದು. ಸಣ್ಣಯ್ಯನೋ, ಹೆಸರಿಗೆ ಸಣ್ಣಯ್ಯ, ಆಳು ನೋಡಿದರೆ ಕಣಜದಷ್ಟಿದ್ದಾನೆ. ಊರಲ್ಲಿ ಅವನಷ್ಟು ನಂಬಿಕಸ್ಥ ಮೇಷ್ಟ್ರು ಇಲ್ಲ. ಅವನ ಹಗ್ಗಕ್ಕೆ ಕಟ್ಟಿಕೊಂಡು ಹೋದವರಲ್ಲಿ ಮೇಲೆ ಬಾರದವರು ಒಬ್ಬರೂ ಇಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ.

“ಅಚ್ಚಕ್ಕಾ, ಈಯಮ್ಮನ್ನ ನನ್ ಹಗ್ಗದಿಂದ ಬಿಚ್ಚಾಕ್ಬಿಡು. ನನ್ ಕೈಲಾಗಲ್ಲ” ಅಂದ ಸಣ್ಣಯ್ಯ.

“ಕೈಲಾಗ್ದೋರು ಮೇಷ್ಟ್ರು ಯಾಕಾಗ್ಬೇಕಿತ್ತು?” ಅಂದಳು ವನಜಾಕ್ಷಿ. ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದಳು. ಸೆರಗು ಕೆಂಪಾಗಿತ್ತು.

“ಅಯ್ಯೋ, ಹೊಡೆದ್ಯೇನೋ?” ಅಂದೆ.

“ಹೊಡೆಯೋದು ಬೇರೆ ಬಾಕಿ! ನೀರು ಒತ್ತಿ ಕಿವಿ ಒಡೆಯೋ ಹಾಗಿದ್ರೂ ಸರಿ ಸರಿ ಅಂತ ಕೈ ತೋರಿಸ್ಕೊಂಡು ಇಳೀತಾಳೆ. ಮೇಲ್ ಬಂದ್ರೆ ಮೂಗಲ್ಲಿ ರಕ್ತ. ಇದು ಎರಡನೇ ಸಲ.”

ನೀರಿನ ಕೆಳಗೆ ಬಾಯಿಗೆ ಕೆಲಸವಿಲ್ಲ, ಎಲ್ಲ ಕೈಯದೇ ಮಾತು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಸರಿ. ಮೇಷ್ಟ್ರು ಕೇಳುವುದೂ ಅದರಲ್ಲೇ, ನಾವು ಉತ್ತರ ಕೊಡುವುದೂ ಅದರಲ್ಲೇ. ಅಂಗೈ ಚಾಚಿ ಆಚೆ ಈಚೆ ಅಲ್ಲಾಡಿಸಿದರೆ ಸರಿಯಿಲ್ಲ ಅಂತ. ಹೆಬ್ಬೆರಳು ಮೇಲೆತ್ತಿದರೆ ಮೇಲೆ ಹೋಗೋಣ ಅಂತ. ಗಾಳಿ ಕಮ್ಮಿ, ಚಳಿ, ಕಾಲು ಸೆಳೆತ, ಇವಕ್ಕೆಲ್ಲ ಒಂದೊಂದು ಗುರುತಿದೆ. ಅಲ್ಲಿಗೆ ಆ ಭಾಷೆ ಮುಗಿಯಿತು. ಅಷ್ಟರಲ್ಲೇ ಇಬ್ಬರ ಪ್ರಾಣ ನಡೆಯಬೇಕು.

ಕಟ್ಟೆಗೆ ಒಂದು ಪದ್ಧತಿ ಇದೆ. ಒಬ್ಬರು ತಮ್ಮ ದೂರು ಹೇಳುವಾಗ ಇನ್ನೊಬ್ಬರು ಬಾಯಿ ತುಂಬ ಮಡುವಿನ ನೀರು ತುಂಬಿಕೊಂಡು ಕೂರಬೇಕು. ನುಂಗಬಾರದು, ಉಗುಳಬಾರದು, ಎದುರು ಮಾತಾಡಬಾರದು. ಅತ್ತೆ ಕಾಲದಿಂದ ಬಂದದ್ದು. ಇದೊಂದನ್ನು ಮನೆಮನೆಯಲ್ಲೂ ತಂದರೆ ದೇಶ ಉದ್ಧಾರವಾಗುತ್ತದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮೊದಲು ವನಜಾಕ್ಷಿಯ ಬಾಯಿಗೆ ನೀರು ತುಂಬಿಸಿದೆ. ಸಣ್ಣಯ್ಯ ಹೇಳಿದ. “ಸುಳ್ಳು ಹೇಳ್ತಾಳೆ ಅಚ್ಚಕ್ಕ. ಬಾಯಲ್ಲಿ ಸುಳ್ಳು ಹೇಳ್ಲಿ, ನಂಗೇನು. ಕೈಯಲ್ಲಿ ಸುಳ್ಳು ಹೇಳಿದ್ರೆ ನಾನು ಏನಂತ ತಿಳ್ಕೊಳ್ಲಿ? ಕತ್ತಲಲ್ಲಿ ನಂಗಿರೋದು ಅವಳ ಕೈಯೊಂದೇ. ಅದನ್ನೇ ನಂಬೋಕಾಗಲ್ಲ ಅಂದ್ರೆ ಯಾರನ್ನ ಕಟ್ಕೊಂಡು ಇಳೀಲಿ?”

ಆಮೇಲೆ ಅವನ ಬಾಯಿಗೆ ನೀರು. ಗಲ್ಲ ಎರಡೂ ಬೋಂಡದ ಹಾಗೆ ಉಬ್ಬಿದವು. ವನಜಾಕ್ಷಿ ಹೇಳಿದಳು. “ಸಂತೆಗೆ ಮೇಕೆ ಎಳ್ಕೊಂಡ್ ಹೋಗೋ ಹಾಗೆ ಮಣಿಕಟ್ಟು ಹಿಡಿದು ಎಳೀತಾರೆ. ಎಲ್ಲರೆದುರಿಗೆ ಬೈತಾರೆ. ಮಾಸ್ಕ್ ಒಳಗೆ ಒಂದು ಹನಿ ಕಣ್ಣೀರು ಬಂದ್ರೆ, ಇದೇನು ಗೋಳಾಟಕ್ಕೆ ಬಂದಿದ್ಯಾ ಅಂತಾರೆ. ಇಷ್ಟು ತಿಂಗಳಾಯ್ತು, ನಾನು ಯಾರನ್ನ ನೋಡೋಕೆ ಹೋಗ್ತಿದೀನಿ ಅಂತ ಒಂದ್ ಸಲ ಕೇಳಿಲ್ಲ. ನನ್ ಮಗಳ ಹೆಸರು ಇವ್ರಿಗೆ ಗೊತ್ತಿಲ್ಲ ಅಚ್ಚಕ್ಕ.”

ಸಣ್ಣಯ್ಯ ಪುಸಕ್ಕೆಂದು ನೀರು ಉಗುಳಿದ. ನನ್ನ ಸೀರೆಯೆಲ್ಲ ಒದ್ದೆ. “ಹೆಸರು ಕಟ್ಕೊಂಡು ನಾನೇನ್ ಮಾಡ್ಲಿ? ಉಸಿರು ನೋಡ್ಕೊಳ್ಳೋದು ನನ್ ಕೆಲ್ಸ!” ಎಂದು ಅರಚಿದ. ನಾನೂ ಸುಮ್ಮನಿರಲಿಲ್ಲ. ಮೇಷ್ಟ್ರು ಎಂಬುದನ್ನೂ ನೋಡದೆ ಚೆನ್ನಾಗಿ ಉಗಿದೆ. ಕೊನೆಗೆ ಇಬ್ಬರೂ ತಲೆ ತಗ್ಗಿಸಿ “ಆಯ್ತು ಬಿಡಿ” ಅಂದರು. ಆ ಆಯ್ತು ಬಿಡಿ ಎಷ್ಟು ಟೊಳ್ಳು ಎಂದು ನನಗೆ ಅಲ್ಲೇ ಗೊತ್ತಾಗಬೇಕಿತ್ತು, ಮೈದುನನ ಬಾಯಲ್ಲಿ ಕೇಳಿದ್ದೆನಲ್ಲ. ಮೂಗು ವಾಸಿಯಾದ ಮೇಲೆ ಇಳಿದರು. ಕೆಸರು ನೋಡಿಕೊಂಡು ಬಂದರು.

ಅಲ್ಲಿಂದಾಚೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು ಅವರಿಬ್ಬರ ಪಾಡು. ಅವನು ತಯಾರಿದ್ದ ದಿನ ಅವಳು ಮುಖ ತಿರುಗಿಸುವಳು. ಅವಳು ಬಂದು ನಿಂತರೆ ಅವನು ಗಾಳಿ ಮಷೀನು ಕೆಟ್ಟಿದೆ ಅನ್ನುವನು. ವರ್ಷ ತುಂಬುವ ದಿನ ಹತ್ತಿರ ಬರುತ್ತಿತ್ತು. ಆ ಉರಿಗೆ ತುಪ್ಪ ಸುರಿದವಳು ಹೂ ಮಾರುವ ತಾಯಮ್ಮ. ತಾಯಮ್ಮ ಗಂಡನನ್ನು ನೋಡಲು ಇಳಿದಿದ್ದಳು, ಅವಳ ಮನೆ ವನಜಾಕ್ಷಿಯ ಮನೆಗೆ ಎದುರು. ಬೇರೆಯವರ ಹೊಸಿಲೊಳಗೆ ಕಂಡದ್ದನ್ನು ಮೇಲೆ ಬಂದು ಹೇಳಬಾರದು ಎಂಬುದು ಊರಿನ ಮರ್ಯಾದೆ. ಆದರೆ ಆ ಹೆಂಗಸಿನ ಬಾಯಿಗೆ ಬೀಗ ಎಲ್ಲಿದೆ? ಮಲ್ಲಿಗೆ ಮೊಳ ಹಾಕುತ್ತಾ ಹೇಳೇಬಿಟ್ಟಳು: “ನಿನ್ ಮಗಳು ತಲೆ ಬಾಚ್ಕೊಳ್ತಾ ಕೂತಿದಾಳೆ ಕಣೇ ವನಜಾ. ಬಾಚ್ತಾಳೆ, ಬಿಚ್ತಾಳೆ, ಮತ್ತೆ ಬಾಚ್ತಾಳೆ.”

ಅವತ್ತು ಸಂಜೆ ವನಜಾಕ್ಷಿ ಕಟ್ಟೆಗೆ ಬಂದು ಸುಮ್ಮನೆ ಕೂತಳು. ಕೂಗಾಟ ಇಲ್ಲ, ದೂರಿಲ್ಲ. “ಅವಳಿಗೆ ತಲೆ ಬಾಚ್ಕೊಳ್ಳೋಕೆ ಬರಲ್ಲ ಅಚ್ಚಕ್ಕ” ಅಂದಳು. “ಕಾಲೇಜಿಗೆ ಹೋಗೋ ಹುಡುಗಿ, ನಾಚ್ಕೆ ಆಗಲ್ವೇನೇ ಅಂತ ಬೈತಿದ್ದೆ. ಆದ್ರೂ ದಿನಾ ಬೆಳಿಗ್ಗೆ ಬಾಚಣಿಗೆ ತಂದು ನನ್ ಮಡಿಲಿಗೆ ಹಾಕೋಳು. ಹೊಲಿಯೋ ಮಷೀನು ನಿಲ್ಸಿ ಎರಡು ಜಡೆ ಹಾಕ್ತಿದ್ದೆ. ಒಂದ್ ಸಲ ನೋಡ್ಬಿಟ್ರೆ ಸಾಕು. ಹೆಂಗ್ ಬಾಚ್ಕೊಳ್ತಿದಾಳೋ ನೋಡ್ಬೇಕು, ಅಷ್ಟೇ.”

ನಮ್ಮತ್ತೆಯಾಗಿದ್ದರೆ ಏನು ಮಾಡುತ್ತಿದ್ದರೋ! ನಾನು ಸೆರಗು ಸಿಕ್ಕಿಸಿಕೊಂಡು ಸೀದಾ ಸಣ್ಣಯ್ಯನ ಹತ್ತಿರ ಹೋದೆ. ಗಾಳಿ ಮಷೀನು ಡಬಡಬ ಅನ್ನುತ್ತಿತ್ತು, ಅವನು ಸಿಲಿಂಡರನ್ನು ತಬ್ಬಿಕೊಂಡು ಕೂತಿದ್ದ.

“ಏನೋ ಸಣ್ಣಯ್ಯ, ಒಂದು ಹೆಸರು ಕೇಳಿದ್ರೆ ನಿನ್ ಗಂಟೇನು ಹೋಗುತ್ತೆ?”

ಅವನು ಮಷೀನು ಆರಿಸಿದ. ಆಮೇಲೆ ಹೇಳಿದ. “ಹೆಸರು ಕೇಳಿದ್ರೆ ನಾನೂ ಹೊಸಿಲ ಮುಂದೆ ನಿಂತ್ಬಿಡ್ತೀನಿ ಅಚ್ಚಕ್ಕ. ಓಹೋ ಇವಳೇ ಅವಳು, ಇವನೇ ಅವನು ಅಂತ ಒಳಗೆ ನೋಡೋಕೆ ಶುರು ಮಾಡ್ತೀನಿ. ಆಗ ಅವರ ಗಾಳಿ ಎಷ್ಟಿದೆ ಅಂತ ನೋಡೋರ್ಯಾರು? ಇಷ್ಟು ವರ್ಷದಲ್ಲಿ ನಾನು ಒಂದು ಮನೆ ಒಳಗೂ ಕಣ್ ಹಾಕಿಲ್ಲ. ಬೆನ್ನು ಹೊಸಿಲಿಗೆ, ಕಣ್ಣು ಅವರ ಕೈ ಮೇಲೆ. ನಮ್ಮವ್ವ ಹೋದಾಗ ಕೂಡ ನಮ್ಮನೆ ಮುಂದೇನೇ ಬೇರೆಯೋರನ್ನ ಕರ್ಕೊಂಡು ಹೋದೆ. ಬಗ್ಗಿ ನೋಡ್ಲಿಲ್ಲ.”

ಇಷ್ಟು ವರ್ಷ ಅವನನ್ನು ಒರಟ ಅಂದುಕೊಂಡಿದ್ದೆನಲ್ಲ, ನನ್ನ ಕಟ್ಟೆ ಪಂಚಾಯ್ತಿಗೆ ಬೆಂಕಿ ಬೀಳಲಿ ಅಂದುಕೊಂಡೆ. “ಇದನ್ನ ಅವಳ ಮುಂದೆ ಹೇಳು ಬಾ” ಎಂದು ಕೈಹಿಡಿದು ಎಬ್ಬಿಸಿದೆ. ಆ ಕಣಜವನ್ನು ಎಬ್ಬಿಸುವುದು ಸುಲಭವೇ! ಬಂದ ಅಂತೂ. ವನಜಾಕ್ಷಿ ಪದ್ಧತಿ ಪ್ರಕಾರ ಬಾಯಿಗೆ ನೀರು ತುಂಬಿಕೊಂಡಳು. ಅವನು ಅದೇ ಮಾತನ್ನು ತಡವರಿಸುತ್ತಾ ಹೇಳಿದ. ಅವ್ವನ ವಿಷಯ ಬಂದಾಗ ವನಜಾಕ್ಷಿಯ ಕಣ್ಣಿಂದ ನೀರು ಇಳಿಯಿತು, ಬಾಯಿಯದು ಮಾತ್ರ ಹಾಗೇ ಇತ್ತು. ಅವಳೂ ಹಟಮಾರಿಯೇ.

ಕೊನೆಗೆ ಅವನು ಕೇಳಿದ: “ಮಗೂ ಹೆಸರೇನಮ್ಮ?”

ನೀರು ನುಂಗಿಬಿಟ್ಟಳು. ನುಂಗಬಾರದು, ಆದರೆ ನಾನು ಏನೂ ಅನ್ನಲಿಲ್ಲ. “ತೇಜಸ್ವಿನಿ. ತೇಜು ಅಂತಿದ್ವಿ.”

“ತೇಜು” ಅಂದ ಸಣ್ಣಯ್ಯ. “ಆಯ್ತು ತಾಯಿ. ತೇಜುನ ತೋರಿಸ್ತೀನಿ. ಮಣಿಕಟ್ಟು ಹಿಡಿಯಲ್ಲ. ಬೈಯಲ್ಲ. ನಿನ್ ಕೈ ಏನು ಹೇಳುತ್ತೋ ಅದನ್ನ ಕಣ್ಮುಚ್ಚಿ ನಂಬ್ತೀನಿ. ನೀನು ಮಾತ್ರ ಸುಳ್ಳು ಹೇಳ್ಬೇಡ.”

“ಹೇಳಲ್ಲ ಮೇಷ್ಟ್ರೇ. ನನ್ ಮಗಳಾಣೆ.”

ಮಡುವಿನ ನೀರಲ್ಲಿ ಇಬ್ಬರ ಅಂಗೈಯನ್ನೂ ಅದ್ದಿಸಿ ಒಂದರ ಮೇಲೊಂದು ಇಡಿಸಿದೆ. ಕಟ್ಟೆಯ ಯಜಮಾನಿ ಎಂದ ಮೇಲೆ ಕೊನೆಯ ಮಾತು ನಾನೇ ಹೇಳಬೇಕಲ್ಲ. “ನೋಡಮ್ಮ ವನಜಾಕ್ಷಿ, ಮನಸ್ಸಲ್ಲಿ ಏನಿದೆಯೋ ಅದೇ ಕೈಲಿ ಬರ್ಬೇಕು. ಅಷ್ಟು ಮಾಡಿದ್ರೆ ಇನ್ನು ನಿಮ್ಮಿಬ್ಬರ ಮಧ್ಯೆ ಏನೂ ಇಲ್ಲ” ಅಂದೆ. ನನ್ನ ಬಾಯಲ್ಲಿ ಇಷ್ಟು ಚೆಂದದ ಮಾತು ಬಂತಲ್ಲ ಎಂದು ನನಗೇ ಹೆಮ್ಮೆಯಾಯಿತು. ಇಬ್ಬರೂ ತಲೆಯಾಡಿಸಿದರು. ಅವರ ಮುಖ ನೋಡಿದರೆ ತೊಳೆದಿಟ್ಟ ಪಾತ್ರೆಯಂತೆ ಇತ್ತು. ಇದು ಟೊಳ್ಳಲ್ಲ, ಗಟ್ಟಿ ರಾಜಿ ಎಂದು ನನಗೆ ಖಚಿತವಾಯಿತು.

ಮಾರನೆಯ ದಿನವೇ ಕೊನೆಯ ದಿನ. ಅದರ ಮರುಬೆಳಗ್ಗೆ ವರ್ಷ ತುಂಬುತ್ತಿತ್ತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಇಳಿಯುವುದೆಂದು ಮಾತಾಗಿತ್ತು, ಆಗ ತಳದವರೆಗೂ ಬೆಳಕು ಹೋಗುತ್ತದೆ. ವನಜಾಕ್ಷಿ ತಲೆಗೆ ಸ್ನಾನ ಮಾಡಿ, ರಬ್ಬರ್ ಅಂಗಿ ತೊಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ಬಂದಳು. ಮಾಸ್ಕಿನ ಗಾಜಿಗೆ ಉಗುಳಿ ಉಜ್ಜಿ, ತೊಳೆದು, ಬೆಳಕಿಗೆ ಹಿಡಿದು ನೋಡಿದಳು. ಸಣ್ಣಯ್ಯ ಅವಳ ಸೊಂಟಕ್ಕೆ ಮೈ ತೇಲದಂತೆ ಭಾರದ ಸೀಸದ ಬೆಲ್ಟು ಬಿಗಿದು, ಹಗ್ಗದ ಗಂಟು ಹಾಕಿ, “ಬಾ ತಾಯಿ, ತೇಜು ನೋಡ್ಕೊಂಡು ಬರೋಣ” ಅಂದ. ನನಗೆ ಸಂತೋಷವಾಯಿತು. ನಗುತ್ತಾ ನೀರಿಗಿಳಿಯುವ ಮೇಷ್ಟ್ರನ್ನು ನಾನು ಅವತ್ತೇ ನೋಡಿದ್ದು.

ಇಬ್ಬರ ಗುಳ್ಳೆಗಳು ಪಕ್ಕಪಕ್ಕದಲ್ಲೇ ಮೇಲೇಳುತ್ತಾ ಮಡುವಿನ ನಡುವಿಗೆ ಹೋದವು. ನಾನು ಕಟ್ಟೆ ಮೇಲೆ ಎಲೆಯಡಿಕೆ ತಟ್ಟೆ ತೆಗೆದು ಕೂತೆ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಇರುತ್ತದೆ, ಎಷ್ಟು ಹೊತ್ತು ನಿಲ್ಲಬಹುದು ಎಂಬುದು ನನಗೆ ಅಂದಾಜಿದೆ. ನಿಧಾನವಾಗಿ ಎಲೆ ಹಾಕಿಕೊಂಡು, ಮನೆಗೆ ಹೋಗಿ ಬೇಳೆಗೆ ಒಲೆ ಹಚ್ಚಿ ಬರುವಷ್ಟು ಸಮಯ ಇತ್ತು. ಆದರೆ ನಾನಿನ್ನೂ ಎಲೆಗೆ ಸುಣ್ಣ ಸವರುತ್ತಿದ್ದೆ, ಗುಳ್ಳೆಗಳು ವಾಪಸ್ಸು ಬರತೊಡಗಿದವು. ಅಯ್ಯೋ ದೇವರೇ, ಮತ್ತೆ ಕೆಸರು ಕಂಡಿತಾ ಅಂದುಕೊಂಡೆ.

ಸಣ್ಣಯ್ಯ ಅವಳನ್ನು ದಡಕ್ಕೆ ಎಳೆದು ತಂದ. ಮಾಸ್ಕ್ ಕಿತ್ತು ಎಸೆದು, ಅವಳ ಮೂಗು ನೋಡಿದ, ಕಿವಿ ನೋಡಿದ, ಉಗುರು ನೋಡಿದ. “ಏನಾಯ್ತಮ್ಮ? ಎಲ್ಲಿ ನೋವು? ಎದೆನಾ? ಉಸಿರು ಸಿಗ್ತಿದ್ಯಾ?” ಎಂದು ಕೇಳುತ್ತಲೇ ಇದ್ದ. ವನಜಾಕ್ಷಿ ಮೆಟ್ಟಿಲ ಮೇಲೆ ಕೂತು ಇಲ್ಲ ಇಲ್ಲ ಎಂದು ತಲೆಯಾಡಿಸಿದಳು.

“ಮತ್ತೆ ಸರಿಯಿಲ್ಲ ಅಂತ ಯಾಕೆ ತೋರಿಸ್ದೆ?”

ಅವಳು ಅವನ ಮುಖ ನೋಡಿದಳು. ಏನು ಕೇಳುತ್ತಿದ್ದಾನೆ ಎಂಬುದೇ ಅರ್ಥವಾಗದ ಹಾಗೆ. ಆಮೇಲೆ ಮೆಲ್ಲಗೆ ಹೇಳಿದಳು. “ತೇಜು ಕೂತಿದ್ಲು ಮೇಷ್ಟ್ರೇ. ಹೊಸಿಲ ಪಕ್ಕನೇ. ಬೈತಲೆ ಸೊಟ್ಟ ತೆಗ್ದಿದ್ಲು. ತೀರಾ ಸೊಟ್ಟ, ಮುಕ್ಕಾಲು ಕೂದಲು ಆ ಕಡೆ, ಕಾಲು ಈ ಕಡೆ. ಅದನ್ನ ನೋಡ್ತಿದ್ದ ಹಾಗೇ ನನ್ ಎದೆ ಒಡೆದೋಯ್ತು. ಅದೇ ಹೊತ್ತಿಗೆ ನೀವು ಸರೀನಾ ಅಂತ ಕೇಳಿದ್ರಿ. ಹೆಂಗ್ ಸರಿ ಅನ್ಲಿ? ಸರಿ ಇರ್ಲಿಲ್ಲ. ಮನಸ್ಸಲ್ಲಿರೋದೇ ಕೈಲಿ ಬರ್ಬೇಕು ಅಂತ ಮಾತು ಕೊಟ್ಟಿದ್ನಲ್ಲ.”

ಸಣ್ಣಯ್ಯ ನೀರಿನಲ್ಲೇ ಕುಸಿದು ಕೂತ. ಅವನು ಮಾತು ಉಳಿಸಿಕೊಂಡಿದ್ದ, ಅವಳ ಕೈಯನ್ನು ನಂಬಿದ್ದ. ಅಂಗೈ ಅಲ್ಲಾಡಿದ್ದನ್ನು ಕಂಡ ಕೂಡಲೇ ಅವಳನ್ನು ತಬ್ಬಿಕೊಂಡು ಮೇಲೆ ತಂದಿದ್ದ. ತಿರುಗಿ ನೋಡುವುದಕ್ಕೂ ಬಿಟ್ಟಿರಲಿಲ್ಲ. ಪ್ರಾಣಕ್ಕೆ ಸಂಚಕಾರ ಬಂದಾಗ ಯಾವ ಮೇಷ್ಟ್ರು ಬಿಡುತ್ತಾನೆ? ಎದೆ ಒಡೆದಿದೆ, ಆದರೂ ನನ್ನನ್ನು ಇಲ್ಲೇ ನಿಲ್ಲಲು ಬಿಡು ಎಂದು ಹೇಳಲು ಆ ಕೈಭಾಷೆಯಲ್ಲಿ ಗುರುತೇ ಇಲ್ಲ. ಇಷ್ಟು ವರ್ಷ ಸತ್ತವರನ್ನು ನೋಡಲು ಇಳಿಯುತ್ತಿರುವ ಊರು ನಮ್ಮದು. ಚಳಿಗೆ ಒಂದು ಗುರುತು ಮಾಡಿದೆವು, ಕಾಲು ಸೆಳೆತಕ್ಕೆ ಒಂದು ಮಾಡಿದೆವು. ದುಃಖಕ್ಕೆ ಒಂದು ಮಾಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಹಿಂದೆ ನೋಡಲು ಇಳಿದವರೆಲ್ಲ ಎದೆ ಒಡೆದರೂ ಸರಿ ಎಂದು ಉಂಗುರ ತೋರಿಸಿ, ನೋಡುವಷ್ಟು ನೋಡಿಕೊಂಡು ಬಂದವರೇ. ಅವರೆಲ್ಲ ಸುಳ್ಳು ಹೇಳಿದ್ದರು. ನಾನು ಇವಳೊಬ್ಬಳ ಹತ್ತಿರ ಸತ್ಯ ಹೇಳಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಇನ್ನೊಂದ್ ಸಿಲಿಂಡರ್ ತುಂಬಿದೆ” ಎಂದು ಸಣ್ಣಯ್ಯ ಎದ್ದ. “ಏಳು ತಾಯಿ. ಈಗ್ಲೇ ಹೋಗೋಣ.”

“ಲೋ, ಹುಚ್ಚು ಹಿಡೀತೇನೋ?” ಎಂದು ನಾನು ಕೂಗಿದೆ. ಆ ಆಳಕ್ಕೆ ಹೋಗಿ ಅಷ್ಟು ದುಡುದುಡು ಮೇಲೆ ಬಂದ ಮೈ, ಅದೇ ದಿನ ಮತ್ತೆ ಇಳಿದರೆ ರಕ್ತವೇ ನೊರೆ ಕಟ್ಟುತ್ತದೆ. ಇದನ್ನು ಊರಿಗೆಲ್ಲ ಕಲಿಸಿದವನೇ ಅವನು. “ಆದ್ರೆ ಆಗ್ಲಿ ಬಿಡು” ಅಂದ.

ವನಜಾಕ್ಷಿ ಅವನ ಕೈಯಿಂದ ಬೆಲ್ಟು ಕಿತ್ತಿಟ್ಟಳು. “ಬೇಡ ಮೇಷ್ಟ್ರೇ. ನನ್ನಿಂದ ನಿಮ್ ಹೆಂಡ್ತಿ ಮಕ್ಳು ಮುಳುಗೋದು ಕಲಿಯೋ ಹಾಗಾಗ್ಬಾರ್ದು.” ಅವಳ ದನಿಯಲ್ಲಿ ಕಹಿ ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸಂಜೆ ನನ್ನ ಜೊತೆ ಕೂತಾಗ ಅವಳೇ ಹೇಳಿದಳು: “ಅವರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಬಹಳ ಪ್ರಯತ್ನ ಪಟ್ಟೆ ಅಚ್ಚಕ್ಕ. ಬರ್ಲೇ ಇಲ್ಲ. ಪಾಪ, ನಾನು ಹೇಳಿದ್ದನ್ನ ನಂಬಿದ್ರು. ನನ್ ಮಾತನ್ನ ಅಷ್ಟು ನಂಬಿದೋರು ಯಾರಿದ್ರು ಹೇಳಿ?” ನಾನು ನನ್ನ ಮೇಲಾದರೂ ಸಿಟ್ಟು ಮಾಡಿಕೊಳ್ಳೇ ಅನ್ನಬೇಕೆಂದಿದ್ದೆ, ಬಾಯಿ ಬರಲಿಲ್ಲ. ನನ್ನ ಬಾಯಿಜೋರು ಕೈಕೊಟ್ಟದ್ದು ಅವತ್ತೇ.

ಮಾರನೆಯ ದಿನ ಸೂರ್ಯ ಹುಟ್ಟಿದ. ಮೋಡವಾದರೂ ಇರಬಾರದಿತ್ತಾ, ಅದೂ ಇಲ್ಲ. ವನಜಾಕ್ಷಿ ಬಂದು ಸ್ಕೂಲಿನ ಮುಂದೆ ನಿಂತಿದ್ದಳು, ಕೈಯಲ್ಲಿ ಮಾಸ್ಕ್. “ಒಂದ್ ಸಲ ಇಳಿಸ್ತೀರಾ ಮೇಷ್ಟ್ರೇ?” ಅಂದಳು. ಸಣ್ಣಯ್ಯ ನನ್ನ ಕಡೆ ನೋಡಿದ. ಖಾಲಿ ಮನೆ ನೋಡಲು ನಮ್ಮೂರಲ್ಲಿ ಯಾರೂ ಇಳಿದವರಿಲ್ಲ. ಹೋಗಬೇಡ ಅನ್ನಲು ನಾನು ಯಾರು? ಕಟ್ಟೆಗೆ ಬರುವಂಥ ಜಗಳ ಅವರ ನಡುವೆ ಇರಲಿಲ್ಲ. ಸಣ್ಣಯ್ಯ ಹಗ್ಗದ ಗಂಟು ಹಾಕಿದ.

ಈ ಸಲ ಗುಳ್ಳೆಗಳು ಹೋದವು, ಬಹಳ ಹೊತ್ತು ಅಲ್ಲೇ ನಿಂತವು. ನಾನು ಎಲೆ ಹಾಕಿಕೊಳ್ಳಲಿಲ್ಲ, ಮನೆಗೂ ಹೋಗಲಿಲ್ಲ. ಗಾಳಿ ಮುಗಿಯುವ ಹೊತ್ತಿಗೆ, ಹೇಗೆ ಬರಬೇಕೋ ಹಾಗೆ, ನಿಧಾನವಾಗಿ ಮೇಲೆ ಬಂದರು. ಮೊದಲು ಸಣ್ಣಯ್ಯ ಬಂದು ನನ್ನ ಪಕ್ಕ ಕೂತ. ನೀರು ಇಳಿಯುತ್ತಿದ್ದ ಮುಖವನ್ನು ಅಂಗೈಯಿಂದ ಒರೆಸಿಕೊಂಡ.

“ಇವತ್ತು ನಾನೂ ಒಳಗೆ ನೋಡ್ದೆ ಅಚ್ಚಕ್ಕ. ಹೊಸಿಲ ಮುಂದೆ ನಿಂತು ನೋಡ್ದೆ” ಅಂದ. “ಕೆಳಬೀದಿ ಅಷ್ಟು ತಿಳಿಯಾಗಿ ಇದ್ದದ್ದನ್ನ ನನ್ ಜನ್ಮದಲ್ಲಿ ನೋಡಿಲ್ಲ. ಆ ತುದಿಯಿಂದ ಈ ತುದಿವರೆಗೂ ಕಾಣ್ತಿತ್ತು.”

ವನಜಾಕ್ಷಿ ಮೆಟ್ಟಿಲು ಹತ್ತಿ ಬಂದಳು. ಮಾಸ್ಕನ್ನು ಮಡುವಿನಲ್ಲಿ ಅದ್ದಿ ತೊಳೆದು, ಸೆರಗಿಲ್ಲದ್ದರಿಂದ ನನ್ನ ಸೆರಗನ್ನೇ ಎಳೆದುಕೊಂಡು ಗಾಜನ್ನು ಒರೆಸಿದಳು. ಏನು ಕೇಳಬೇಕೋ ತಿಳಿಯದೆ ನಾನು ಕೇಳಬಾರದ್ದನ್ನೇ ಕೇಳಿದೆ.

“ಏನ್ ಕಾಣ್ತೇ, ವನಜಾ?”

“ಎಲ್ಲಾ ಕಾಣ್ತು ಅಚ್ಚಕ್ಕ” ಅಂದಳು. “ಗೋಡೆ ಕಾಣ್ತು. ನೆಲ ಕಾಣ್ತು. ಹೊಸಿಲ ಮೇಲೆ ಒಂದು ಕೂದಲೆಳೆ ಬಿದ್ದಿದ್ರೂ ಕಾಣೋದು. ಇರ್ಲಿಲ್ಲ.”